ಆನೆಗೊಂದು ಫೈಲು, ಅಧ್ಯಕ್ಷರ ಮುಡಿ

ಅದಕ್ಕೇನೋ ಒಂದು ಹೆಸರಿತ್ತು. ಐ... ಐ ಅಂತಲೇ ಶುರು. ನಾಲಿಗೆಯ ತುದಿಯಲ್ಲೇ ಕೂತಿದೆ, ಇಳಿಯುತ್ತಿಲ್ಲ. ಇರಲಿ, ಅದರ ಪ್ರಸಂಗ ಬರುವ ಹೊತ್ತಿಗೆ ಅದೂ ಬರುತ್ತದೆ. ಡಿಸ್ಕ್ ನೋಡಿಕೊಳ್ಳುವವರ ಪಾಡೇ ಹೀಗೆ. ಎಲ್ಲ ಸರಿಯಿದ್ದಾಗ ನೀವೊಬ್ಬರು ಇದ್ದೀರೆಂದೇ ಯಾರಿಗೂ ಗೊತ್ತಿರುವುದಿಲ್ಲ. ಜಾಗ ತುಂಬಿದ ದಿನ ಇಡೀ ಬೀದಿಗೆ ಗೊತ್ತಾಗುತ್ತದೆ.

ಈಗ ನಾನಿರುವುದು ನಾಗಪುರದಲ್ಲಿ, ಮಗಳ ಮನೆಯಲ್ಲಿ. ಹುಟ್ಟಿದ್ದು ಹಳೇಬೀಡು. ಕೆಲಸ ಮಾಡಿದ್ದು ಬೇಲೂರಿನ ಒಂದು ಪುಟ್ಟ ಟ್ರಸ್ಟಿನಲ್ಲಿ. ಸುತ್ತಲಿನ ಗುಡಿಗಳ ಶಿಲ್ಪಗಳ ಫೋಟೋ ತೆಗೆಸಿ ಕಾಪಾಡುವುದು ಅದರ ಕೆಲಸ. ಇದ್ದದ್ದು ಒಂದೇ ಯುನಿಕ್ಸ್ ಕಂಪ್ಯೂಟರ್ ಯಂತ್ರ, ಫೋಟೋಗಳಿಗೆ ಅದರ ಪಕ್ಕದಲ್ಲೊಂದು ಹೊರಗಿನ ಡಿಸ್ಕು, ಅವೆರಡನ್ನೂ ನೋಡಿಕೊಳ್ಳಲು ನಾನು. ಅಧ್ಯಕ್ಷರು ಅರಸೀಕೆರೆಯ ತೆಂಗಿನಕಾಯಿ ಮಂಡಿಯವರು. ಮೊದಲ ದಿನವೇ ಹೇಳಿದ್ದರು: "ನೋಡಮ್ಮಾ, ಎರಡು ಸಲ ನಿಂತ್ರೆ ಸುಮ್ನಿರ್ತೀನಿ. ಮೂರನೇ ಸಲ ನಿಂತ್ರೆ ಯಂತ್ರ ಬೆಂಗಳೂರಿನ ಕಂಪನಿಗೆ, ನೀವು ಮನೆಗೆ."

೧. ಮದುವೆ ಊಟ

ಮೊದಲನೆಯ ಸಲ ಡಿಸ್ಕ್ ತುಂಬಿತು. ಇನ್ನೊಂದು ಕೊಡಿಸಿ ಎಂದೆ.

"ಯಾಕೆ? ನಮ್ ಗೋದಾಮು ತುಂಬಿದ್ರೆ ಇನ್ನೊಂದು ಕಟ್ತೀವಾ? ಸ್ವಲ್ಪ ಒತ್ತಿ ಜೋಡಿಸಿ" ಎಂದರು.

ಯಾವ ಫೋಲ್ಡರ್ ಎಷ್ಟು ಜಾಗ ತಿಂದಿದೆ ಎಂದು ಲೆಕ್ಕ ಕೇಳಿದೆ. ಯುನಿಕ್ಸಿಗೆ ದಾಕ್ಷಿಣ್ಯ ಎಂಬುದಿಲ್ಲ. ದೊಡ್ಡದನ್ನು ಮೊದಲು ತೋರಿಸಿತು.

"ಸಾರ್, ಸಿಕ್ತು. ಇಡೀ ಬೇಲೂರು ಗುಡಿಗಿಂತ ದೊಡ್ಡದೊಂದು ಫೋಲ್ಡರ್ ಇದೆ."

"ಯಾರದ್ರೀ ಅದು? ಮುಖ ಮೋರೆ ನೋಡ್ದೆ ಅಳಿಸಿ!"

"ನಿಮ್ಮ ಮಗನ ಮದುವೆ ವಿಡಿಯೋ ಸಾರ್. ಅದ್ರಲ್ಲಿ ಮುಕ್ಕಾಲು ಪಾಲು ಊಟದ ಪಂಕ್ತಿ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡು, ಮತ್ತೆ ತೆಗೆದು ಒರೆಸಿದರು. ಆಮೇಲೆ ಮೆಲ್ಲಗೆ, "ಮೊದಲನೇ ಪಂಕ್ತಿ ಬಿಟ್ಟು ಉಳಿದದ್ದು ಅಳಿಸಿ. ಬೀಗರು ಕೂತಿದ್ದು ಅದ್ರಲ್ಲೇ."

೨. ಆನೆಗಳು

ಎರಡನೆಯದು ವಿಚಿತ್ರ. ಡಿಸ್ಕಿನ ಅರ್ಧ ಖಾಲಿ, ಆದರೂ ಹೊಸ ಫೋಟೋ ಹಾಕಿದರೆ ಜಾಗವಿಲ್ಲ ಎನ್ನುತ್ತದೆ. ಹ್ಞಾಂ, ಬಂತು ನೋಡಿ, ಐನೋಡ್! ಪ್ರತಿ ಫೈಲಿಗೂ ಒಂದು ಐನೋಡ್ ಬೇಕು, ಫೈಲು ಚಿಕ್ಕದಿರಲಿ, ದೊಡ್ಡದಿರಲಿ. ಛತ್ರದಲ್ಲಿ ಬೇಕಾದಷ್ಟು ಜಾಗವಿದೆ, ಬಾಳೆ ಎಲೆ ಮುಗಿದಿದೆ ಎಂಬ ಹಾಗೆ. ಬರುವುದೆಲ್ಲ ದೊಡ್ಡ ದೊಡ್ಡ ಫೋಟೋಗಳೇ ಎಂದುಕೊಂಡು, ಡಿಸ್ಕ್ ಸಿದ್ಧಮಾಡುವಾಗಲೇ ಆ ಎಲೆಗಳನ್ನು ಕಡಿಮೆ ಕೊಯ್ದಿಟ್ಟವಳು ನಾನೇ.

ಹಾಗಾದರೆ ಎಲೆಗಳನ್ನೆಲ್ಲ ಹಾಸಿದವರು ಯಾರು? ನಮ್ಮ ಅಟೆಂಡರ್. ಹಗರೆಯವನು, ಐವತ್ತು ದಾಟಿದ ಮನುಷ್ಯ, ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡುವವನು. ಹಳೇಬೀಡಿನ ಗುಡಿಯ ಗೋಡೆಯ ಸಾಲು ಶಿಲ್ಪಗಳ ಬಗ್ಗೆ ಟಿಪ್ಪಣಿ ಬರೆ ಎಂದಿದ್ದೆ. ಅವನು ಪ್ರತಿ ಆನೆಗೂ ಒಂದು ಫೈಲು ಮಾಡಿದ್ದ. ಆನೆ ಮುಗಿಸಿ ಸಿಂಹ, ಸಿಂಹ ಮುಗಿಸಿ ಕುದುರೆ, ಈಗ ಹಂಸದವರೆಗೂ ಬಂದಿದ್ದ.

ಒಂದನ್ನು ತೆಗೆದೆ. "ಆನೆ. ನಡೀತಾ ಐತೆ." ಮುಂದಿನದು, "ಆನೆ. ನಡೀತಾ ಐತೆ." ಹೀಗೇ ಸಾವಿರಾರು.

"ಏನಯ್ಯಾ ಇದು, ಎಲ್ಲವನ್ನೂ ಒಂದೇ ಫೈಲಿಗೆ ಬರೀಬಾರ್ದಿತ್ತಾ?"

"ಅದೆಂಗಾಯ್ತದೆ ಅಮ್ಮಾವ್ರೇ? ಎಲ್ಲಾ ಒಂದೇ ತರ ಇಲ್ಲ. ಇಲ್ಲಿ ನೋಡಿ."

ನೋಡಿದೆ. "ಆನೆ. ನಿಂತೈತೆ. ಯಾಕಂದ್ರೆ ಮುಂದಿನ ಆನೆ ನಿಂತೈತೆ."

೩. ಆಯುಧಪೂಜೆ

ಟಿಪ್ಪಣಿಗಳನ್ನೆಲ್ಲ ಸಾಲಿಗೊಂದು ಫೈಲಾಗಿ ಸೇರಿಸಿ ಯಂತ್ರ ನಡೆಸಿದೆ. ನಿಂತದ್ದು ಎರಡು ಸಲ ಆಗಿತ್ತು. ಇನ್ನೊಮ್ಮೆ ನಿಂತರೆ ನಾನು ಮನೆಗೆ. ಅಷ್ಟರಲ್ಲಿ ಆಯುಧಪೂಜೆ ಬಂತು. ನಾನು ಬರುವಷ್ಟರಲ್ಲಿ ಅಟೆಂಡರ್ ಯಂತ್ರಕ್ಕೆ ಚೆಂಡುಹೂವಿನ ಹಾರ, ಕುಂಕುಮ, ನಿಂಬೆಹಣ್ಣು ಎಲ್ಲ ಏರಿಸಿ, ಸುತ್ತ ಬಣ್ಣದ ದೀಪಗಳ ಸೀರಿಯಲ್ ಸೆಟ್ ಹಚ್ಚಿದ್ದ. ಮಂಗಳಾರತಿ ಆಯಿತು. ಬಂದ ನೆಂಟರಿಗೆ ಶಿಲ್ಪ ತೋರಿಸಲು ಅಧ್ಯಕ್ಷರು ಫೋಟೋಗಳ ಫೋಲ್ಡರ್ ತೆರೆದರು.

ಖಾಲಿ. ಒಂದು ಆನೆಯೂ ಇಲ್ಲ.

ಅಧ್ಯಕ್ಷರ ಮುಖ ವಿಭೂತಿಗಿಂತ ಬೆಳ್ಳಗಾಯಿತು. "ಇಷ್ಟು ವರ್ಷದ್ದು ಕಣ್ರೀ! ಎಲ್ಲಿ?"

ನಾನು ಮಿಣಮಿಣ ಎನ್ನುವ ದೀಪಗಳ ವೈರನ್ನೇ ಕಣ್ಣಲ್ಲಿ ಹಿಂಬಾಲಿಸಿದೆ. ಅದನ್ನು ಚುಚ್ಚಿದ್ದು ಫೋಟೋಗಳಿದ್ದ ಹೊರಗಿನ ಡಿಸ್ಕಿನ ಪ್ಲಗ್ ಜಾಗದಲ್ಲಿ. ಡಿಸ್ಕಿನ ಪ್ಲಗ್ಗು ನೆಲದ ಮೇಲೆ, ತಲೆಗೆ ಕುಂಕುಮ ಇಟ್ಟುಕೊಂಡು ಮಲಗಿತ್ತು. ಫೋಲ್ಡರ್ ಎಂಬುದು ಬರೀ ಬಾಗಿಲು, ಕೋಣೆ ಇರುವುದು ಆ ಡಿಸ್ಕಿನಲ್ಲಿ. ಅದನ್ನು ಮತ್ತೆ ಚುಚ್ಚಿ, ಮೌಂಟ್ ಎಂದು ಒಂದು ಸಾಲು ಹೊಡೆದರೆ ಕೋಣೆ ವಾಪಸ್ಸು.

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಧ್ಯಕ್ಷರು ಕೈಮುಗಿದುಬಿಟ್ಟಿದ್ದರು. ಅವರ ಮನೆದೇವರು ಶಿವ. ಆದರೆ ಕಷ್ಟ ಬಂದಾಗ ಅರಸೀಕೆರೆಯವರ ಕಣ್ಣು ಮೊದಲು ಹೋಗುವುದು ಊರ ಪಕ್ಕದ ತಿಮ್ಮಪ್ಪನ ಬೆಟ್ಟದ ಕಡೆಗೇ.

"ಮಾಲೇಕಲ್ಲು ತಿಮ್ಮಪ್ಪಾ, ಫೋಟೋ ವಾಪಸ್ ಬರ್ಲಿ, ಬರಿಗಾಲಲ್ಲಿ ಬೆಟ್ಟ ಹತ್ತಿ ಮುಡಿ ಕೊಡ್ತೀನಿ!"

ನಾನು ಬಾಯಿ ಮುಚ್ಚಿದೆ. ಮತ್ತೆ ತೆರೆದೆ.

"ಇನ್ನೊಂದು ಡಿಸ್ಕೂ ಅಂತ ಸೇರಿಸಿ ಸಾರ್."

"ಡಿಸ್ಕೂ ಕೊಡಿಸ್ತೀನಪ್ಪಾ!"

"ಮತ್ತೆ ಆ ಮೂರನೇ ಸಲದ ಮಾತು..."

"ಅಯ್ಯೋ, ಅದು ಬಿಟ್ಟೆ ಕಣಮ್ಮಾ, ನೀವು ಇರೋವರೆಗೂ ಇರಿ!"

ನಾನು ಹಾರ ಸರಿಪಡಿಸುವವಳಂತೆ ಬಗ್ಗಿದೆ. ಬಣ್ಣದ ದೀಪ ಆರಿತು. ಯಂತ್ರದ ಮುಂದೆ ಕೂತು ಒಂದು ಸಾಲು ಹೊಡೆದೆ. ಸಾಲಾಗಿ ಬಂದವು, ಆನೆ, ಸಿಂಹ, ಕುದುರೆ, ಹಂಸ. ಅಧ್ಯಕ್ಷರು ಕಣ್ಣೊರೆಸಿಕೊಂಡರು. ಮುಂದಿನ ಶನಿವಾರ ತಲೆ ನುಣ್ಣಗೆ ಮಾಡಿಕೊಂಡು ಪ್ರಸಾದ ತಂದು, ಮೊದಲು ಯಂತ್ರದ ಮುಂದಿಟ್ಟು ಆಮೇಲೆ ನನಗೆ ಕೊಟ್ಟರು. ಪಕ್ಕದಲ್ಲಿ ಹೊಸ ಡಿಸ್ಕು.

ಇದನ್ನೆಲ್ಲ ಕೇಳಿ ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. "ಅಜ್ಜೀ, ಅವ್ರಿಗೆ ಇವತ್ತಿನವರೆಗೂ ಹೇಳೇ ಇಲ್ವಾ?"

"ಇಲ್ಲ ಕಣೇ. ನಗೋದು ಸಾಕು, ಪೆನ್ನು ತಗೋ. ಬರ್ಕೋ: ಪ್ಲಗ್ ವಾಪಸ್ ಚುಚ್ಚಿದ್ದು ನಾನು. ಮೌಂಟ್ ಮಾಡಿದ್ದು ನಾನು. ಕೂದಲು ಮಾತ್ರ ಅವರದು."