ಖಾಲಿ ಕುಂಡಗಳು

ನಾನು ನಿಂತಿದ್ದು ಪುಣೆ ಹತ್ತಿರದ ನಿಗಡಿಯ ನಮ್ಮ ಮನೆಯ ಬಾಲ್ಕನಿಯಲ್ಲಿ, ವಾಷಿಂಗ್ ಮಷೀನಿನ ಎಡಕ್ಕೆ, ಬೀದಿಗೆ ಮುಖ ಮಾಡಿ. ಜನವರಿಯ ಒಂದು ಭಾನುವಾರ ಬೆಳಗ್ಗೆ. ಚಹಾ ಆಗಿತ್ತು, ಸ್ನಾನ ಆಗಿರಲಿಲ್ಲ, ಕಸದ ಗಾಡಿ ಇನ್ನೂ ಬಂದಿರಲಿಲ್ಲ. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ನಮ್ಮ ಪಕ್ಕದ ಮನೆಯ ದೇಶಪಾಂಡೆ ಕಾಕು ಇದೇ ಸಂಗತಿಯನ್ನು ಇಡೀ ಸೊಸೈಟಿಗೆ ಹೇಳಿದ್ದಾರೆ. ಅವರ ಕಥೆಯಲ್ಲಿ ನಾನು ನಗುತ್ತಿದ್ದೆನಂತೆ. ನಕ್ಕದ್ದು ನಿಜ. ಆದರೆ ಒಂದೇ ಸಲ, ಅದೂ ಅವರು ಮಾತಾಡಿಸಿದ ಮೇಲೆ.

ನನ್ನ ಹೆಂಡತಿ ವಿಜಯಾ ಆಗ ಧಾರವಾಡದಲ್ಲಿದ್ದಳು. ಅವಳ ಅಕ್ಕನಿಗೆ ಮೊಣಕಾಲಿನ ಆಪರೇಷನ್ ಆಗಿತ್ತು. ಹೊರಡುವಾಗ ಬಾಗಿಲಲ್ಲಿ ನಿಂತು, "ಬಾಲ್ಕನಿ ಕಡೆ ಸ್ವಲ್ಪ ಲಕ್ಷ್ಯ ಇರ್ಲಿರೀ" ಎಂದಿದ್ದಳು. ಅವಳು ಅಷ್ಟಕ್ಕೇ ನಿಲ್ಲಿಸಬಾರದಿತ್ತು. ಲಕ್ಷ್ಯ ಎನ್ನುವುದು ನನ್ನಂಥವನ ಕೈಗೆ ಕೊಡುವ ವಸ್ತುವಲ್ಲ. ನಾನು ನಿವೃತ್ತನಾಗುವವರೆಗೂ ಚಿಂಚವಾಡದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದವನು. ನಟ್ಟು, ಬೋಲ್ಟು, ವಾಷರು ತುಂಬಿದ ಡಬ್ಬಿಗಳ ನಡುವೆ ನನ್ನ ಆಯುಷ್ಯ ಕಳೆಯಿತು. ಅಲ್ಲಿ ನಾನು ಕಲಿತ ವಿದ್ಯೆ ಒಂದೇ: ಡಬ್ಬಿ ಖಾಲಿಯಾಗಿ ಕಂಡರೆ ಮಾಲು ತರಿಸಬೇಕು. ಯಾಕೆ ಖಾಲಿಯಾಯಿತು ಎಂದು ಕೇಳುವುದು ಬೇರೆ ಇಲಾಖೆಯವರ ಕೆಲಸ.

ಬಾಲ್ಕನಿಯ ಮೂಲೆಯಲ್ಲಿ ಮೂರು ಕುಂಡಗಳು ಖಾಲಿಯಾಗಿದ್ದವು. ಬರೀ ಮಣ್ಣು, ಒಂದು ಹುಲ್ಲೂ ಇಲ್ಲ. ಪಾಪ, ವಿಜಯಾಳಿಗೆ ಗಿಡ ತರಲು ಪುರುಸೊತ್ತಾಗಿಲ್ಲ ಎಂದುಕೊಂಡೆ. ಅವಳು ಬರುವಷ್ಟರಲ್ಲಿ ತುಂಬಿಸಿಬಿಟ್ಟರೆ ಎಷ್ಟು ಸಂತೋಷಪಟ್ಟಾಳು!

ಮೊದಲು ಹೆದ್ದಾರಿ ಪಕ್ಕದ ನರ್ಸರಿಗೆ ಹೋದೆ. ಅಲ್ಲಿಯ ಮಾಲೀಕ ಯಾವ ಗಿಡ ತೋರಿಸಿದರೂ ಮರಾಠಿಯಲ್ಲಿ ಒಂದೇ ಮಾತು ಹೇಳಿದ: "ಕಾಹೀ ನಾಹೀ ಹೋತ್ ಕಾಕಾ, ಕುಠೇಹೀ ಠೇವಾ." ಏನೂ ಆಗುವುದಿಲ್ಲ, ಎಲ್ಲಿ ಬೇಕಾದರೂ ಇಡಿ ಅಂತ. ಬಿಸಿಲು ಬೇಕೇ ಎಂದರೂ ಅದೇ, ನೆರಳು ಬೇಕೇ ಎಂದರೂ ಅದೇ. ಇಷ್ಟು ಭರವಸೆ ಕೊಡುವವರ ಬಳಿ ಬೋಲ್ಟು ಕೂಡ ಕೊಳ್ಳಬಾರದು ಎಂದು ನನ್ನ ಅನುಭವ ಹೇಳಿತು. ಮನೆಗೆ ಬಂದು ಫೋನಿನಲ್ಲಿ ಹುಡುಕಿದೆ. ಅಲ್ಲಿ ಗಿಡಗಳು ಸೋಫಾದ ಪಕ್ಕದಲ್ಲಿ ಆಳೆತ್ತರ ನಿಂತಿದ್ದವು. ಕೊಂಡವರೆಲ್ಲ ಪ್ಯಾಕಿಂಗನ್ನು ಹೊಗಳಿದ್ದರು. ಗಿಡದ ಬಗ್ಗೆ ಯಾರೂ ಏನೂ ಬರೆದಿಲ್ಲ ಎನ್ನುವುದು ನನಗೆ ಆಮೇಲೆ ಹೊಳೆಯಿತು. ತರಿಸಿದೆ. ಪ್ಯಾಕಿಂಗ್ ನಿಜಕ್ಕೂ ಚೆನ್ನಾಗಿತ್ತು. ಪೆಟ್ಟಿಗೆಯೊಳಗೆ ಪೆಟ್ಟಿಗೆ ಬಿಚ್ಚುತ್ತ ಹೋದರೆ ಕೊನೆಗೆ ನನ್ನ ಹೆಬ್ಬೆರಳಿನಷ್ಟು ಎತ್ತರದ ಮೂರು ಜೀವಗಳು ಸಿಕ್ಕವು.

ಹೀಗೆ ಆ ಭಾನುವಾರ ಖುರಪಿ ಹಿಡಿದು ಹಳೆಯ ಮಣ್ಣು ತೆಗೆಯಲು ಕೂತೆ. ಪ್ರತಿ ಕುಂಡದಲ್ಲೂ ಉಳ್ಳಾಗಡ್ಡಿಯಂಥ ಗಡ್ಡೆಗಳು ಸಿಕ್ಕವು. ಒಂದನ್ನು ಎದ್ದು ನಿಂತು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಪಕ್ಕದ ಬಾಲ್ಕನಿಯಿಂದ ಬೆಳಗಾವಿ ಕಡೆಯ ದನಿ ಬಂತು.

"ಏನ್ರಿ, ಕಾಂದಾ ಬೆಳದೀರೇನು?"

"ನಮ್ಮಾಕಿ ಹಚ್ಚ್ಯಾಳ ನೋಡ್ರಿ ಕಾಕು, ಪ್ಯಾಟ್ಯಾಗ ತುಟ್ಟಿ ಆಗ್ಯಾವಲ್ಲ!" ಎಂದೆ. ನಾನು ನಕ್ಕದ್ದು ಆಗಲೇ.

ಕಾಕು ನಗಲಿಲ್ಲ. "ವಿಜಯಾಗ ಒಂದ್ ಫೋನ್ ಮಾಡಿ ಕೇಳ್ರಿ, ತೆಗೀಲೋ ಬ್ಯಾಡೋ ಅಂತ."

"ಕೇಳಿದ್ರ ಸರ್‌ಪ್ರೈಜ್ ಹೆಂಗ ಆಗ್ತದರಿ?"

ಅಷ್ಟರಲ್ಲಿ ಕಸದ ಗಾಡಿಯ ಹಾಡು ಕೇಳಿಸಿತು. ಗಡ್ಡೆಗಳನ್ನು ಬಕೆಟ್ಟಿಗೆ ತುಂಬಿ ಕೆಳಗೆ ಇಳಿದು ನಾನೇ ಕೈಯಾರೆ ಗಾಡಿಗೆ ಸುರಿದೆ. ಹಸಿ ಕಸದ ಭಾಗಕ್ಕೇ ಸುರಿದೆ. ಅಲ್ಲಿ ಮಾತ್ರ ತಪ್ಪಿಲ್ಲ.

ವಿಜಯಾ ಬಂದವಳು ಚಪ್ಪಲಿ ಬಿಟ್ಟು ನೇರ ಬಾಲ್ಕನಿಗೇ ಹೋದಳು. ಹೊಸ ಗಿಡಗಳನ್ನು ನೋಡಿದಳು, ಆಮೇಲೆ ಕುಂಡಗಳನ್ನು ನೋಡಿದಳು. "ಇದರಾಗಿನ ಗಡ್ಡಿ ಎಲ್ಲಿ ಇಟ್ಟೀರಿ?" ಎಂದು ಕೇಳಿದಳು. ನಾನು ಇಟ್ಟಿರಲಿಲ್ಲವಲ್ಲ.

ಅವು ಮೇ ಫ್ಲವರ್ ಗಡ್ಡೆಗಳು. ಚಳಿಗಾಲದಲ್ಲಿ ಎಲೆಯೆಲ್ಲ ಉದುರಿಸಿ ಮಣ್ಣಿನೊಳಗೆ ಮಲಗುತ್ತವೆ, ಬೇಸಿಗೆಯಲ್ಲಿ ಎದ್ದು ಕೆಂಪು ಚೆಂಡಿನಂಥ ಹೂ ಬಿಡುತ್ತವೆ. ಆ ಹೂವನ್ನು ನಾನು ಪ್ರತಿ ವರ್ಷ ನೋಡಿದ್ದೇನೆ, ಬಂದವರಿಗೆ ತೋರಿಸಿದ್ದೇನೆ. ಉಳಿದ ತಿಂಗಳು ಅದು ಎಲ್ಲಿರುತ್ತದೆ ಎಂದು ಕೇಳಿದವನಲ್ಲ. ಧಾರವಾಡದ ಹಿತ್ತಲಿನಿಂದ ಅವಳ ಅವ್ವ ಕಿತ್ತು, ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿಕೊಟ್ಟ ಗಡ್ಡೆಗಳಂತೆ. ಅವ್ವ ಈಗಿಲ್ಲ. ಆ ಮನೆಯನ್ನು ಕೊಂಡವರು ಹಿತ್ತಲಿಗೆ ಸಿಮೆಂಟು ಹಾಕಿ ಕಾರು ನಿಲ್ಲಿಸುತ್ತಾರೆ.

ಅವಳು ಬೈಯುತ್ತಾಳೆಂದು ಕಾದೆ. "ಹೋಗ್ಲಿ ಬಿಡ್ರಿ, ನಿಮಗ ಹೆಂಗ ಗೊತ್ತಾಗಬೇಕು" ಎಂದು ಒಳಗೆ ಹೋಗಿ ಅಕ್ಕಿ ಆರಿಸತೊಡಗಿದಳು. ನಮ್ಮ ಮನೆಯಲ್ಲಿ ಅಕ್ಕಿ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಅದರಲ್ಲಿ ಆರಿಸಲು ಏನೂ ಇರುವುದಿಲ್ಲ.

ಆಮೇಲೆ ನಾನು ಹುಡುಕಿದ ಹಾಗೆ ಪುಣೆಯಲ್ಲಿ ಯಾರೂ ಗಡ್ಡೆ ಹುಡುಕಿರಲಾರರು. ಫೋನಿನಲ್ಲಿ ಬೇಕಾದಷ್ಟಿದ್ದವು, ಪ್ಯಾಕಿಂಗ್ ಕೂಡ ಚೆನ್ನಾಗಿರುತ್ತಿತ್ತು. ಧೈರ್ಯ ಬರಲಿಲ್ಲ. ಕೊನೆಗೆ ಭೋರ್ ಊರಿಗೆ ಹೋಗುವ ದಾರಿಯ ಒಂದು ಸಣ್ಣ ನರ್ಸರಿಯಲ್ಲಿ ಸಿಕ್ಕವು. ವಿಜಯಾ ತಾನೇ ನೆಟ್ಟಳು. ಮೇ ತಿಂಗಳಲ್ಲಿ ಹೂ ಬಿಟ್ಟವು, ಅದೇ ಕೆಂಪು, ಅದೇ ಚೆಂಡು. ನನಗೇನೂ ವ್ಯತ್ಯಾಸ ಕಾಣಲಿಲ್ಲ.

"ಹೆಂಗದ?" ಎಂದು ಕೇಳಿದೆ.

"ಚಂದ ಅದರಿ" ಎಂದಳು, ಬೇರೆ ಮಂದಿಯ ಮದುವೆಯ ಆಲ್ಬಮ್ ನೋಡಿ ಹೇಳುವ ದನಿಯಲ್ಲಿ. ಅವ್ವನ ಹೂ ಬಿಟ್ಟಾಗ ಅವಳು ಧಾರವಾಡಕ್ಕೆ ಫೋನ್ ಮಾಡಿ, "ಅಕ್ಕಾ, ಅವ್ವ ಬಂದ್ಲು" ಎನ್ನುತ್ತಿದ್ದಳು. ಈ ಮೇ ತಿಂಗಳಲ್ಲಿ ಫೋನ್ ಮಾಡಲಿಲ್ಲ.

ಆ ಭಾನುವಾರ ನಾನು ಮಾಡಿದ್ದನ್ನು ಕಂಡವರ ವಿವರವನ್ನೂ ಕೊಟ್ಟುಬಿಡುತ್ತೇನೆ. ಕಸದ ಗಾಡಿಯವನು ಕಂಡಿದ್ದ, ಅವನ ಗಾಡಿ ಈಗ ಬೇರೆ ಕಡೆ ಹೋಗುತ್ತದೆ. ಪೆಟ್ಟಿಗೆಯಲ್ಲಿ ಬಂದ ಆ ಮೂರು ಗಿಡಗಳು ಕಂಡಿದ್ದವು, ಮಳೆಗಾಲ ದಾಟಲಿಲ್ಲ. ಇನ್ನುಳಿದವರು ದೇಶಪಾಂಡೆ ಕಾಕು. ದೇವರ ದಯದಿಂದ ಗಟ್ಟಿಮುಟ್ಟಾಗಿದ್ದಾರೆ. ನಾನು ಖುರಪಿ ಮುಟ್ಟಿದರೆ ಸಾಕು, ತಮ್ಮ ಬಾಲ್ಕನಿಯಿಂದಲೇ ಕೂಗುತ್ತಾರೆ: "ವಿಜಯಾ, ಮನ್ಯಾಗ ಇದ್ದೀ ಏನವಾ?"