ಹೆಗಲು ಓದುವ ಟೈಲರು

ಜಗಳ ಶುರುವಾದದ್ದು ಒಂದು ಕಂಕುಳಿನಿಂದ. ಗೋದಾಮಿನಲ್ಲಿ ಮೂಟೆ ಹೊರುವ ಹಮಾಲ ಹೊಸ ಅಂಗಿ ತೊಟ್ಟು ಆ ದಿನದ ಮೊದಲ ಮೂಟೆಗೆ ಕೈ ಹಾಕಿದ್ದೇ ತಡ, ಕಂಕುಳಲ್ಲಿ ಅದು ಪರ್ರೆಂದು ಹರಿಯಿತು. ಹತ್ತು ಗಂಟೆಗೆಲ್ಲ ಅವನು ಬೀರುವಿನ ಹಾಗೆ ಬಂದು ಟೈಲರ ಅಂಗಡಿಯ ಬಾಗಿಲು ತುಂಬಿಕೊಂಡು ನಿಂತ.

ಬಡಕಲು ಟೈಲರು ತನ್ನ ಹೊಲಿಗೆಯಲ್ಲಿ ತಪ್ಪಿಲ್ಲ, ಬಟ್ಟೆಯೇ ಲಡ್ಡು ಹಿಡಿದದ್ದು ಎಂದುಬಿಟ್ಟ. ಬಟ್ಟೆ ಹಮಾಲನ ಅತ್ತೆ ಕೊಟ್ಟದ್ದು. ಹಮಾಲನ ಮುಷ್ಟಿ ಬಿಗಿಯಿತು.

ಇಪ್ಪತ್ತೆರಡು ವರ್ಷ ಊರವರ ಹೆಗಲು ಅಳೆದ ಟೈಲರಿಗೆ ಒಂದು ಸಂಗತಿ ಅವನಿಗೇ ತಿಳಿಯದಂತೆ ಕಣ್ಣಿಗೆ ಹತ್ತಿತ್ತು: ಕೈ ಏಳುವ ಮೊದಲು ಹೆಗಲ ಮೇಲಿನ ಹೊಲಿಗೆ ಅಲುಗುತ್ತದೆ. ಹಮಾಲನ ಬಲಹೆಗಲ ಹೊಲಿಗೆ ಬೆರಳಷ್ಟು ಹಿಂದೆ ಸರಿಯಿತು. ಓಡೋಣವೆಂದರೆ ಬೆನ್ನಿಗೆ ಮೇಜು. ಟೈಲರು ಮುಂದಕ್ಕೇ ನುಗ್ಗಿ ಆ ಹೆಗಲನ್ನು ಅಂಗೈಯಿಂದ ಒತ್ತಿದ. ಏಟು ಹುಟ್ಟುವ ಮೊದಲೇ ಸತ್ತಿತು. ಎಡಗೈ ಹೊರಟಿತು, ಮೊಣಕೈ ಬಳಿಯೇ ತಡೆದ. ಹಮಾಲ ಹೆಜ್ಜೆ ಮುಂದಿಡುವಷ್ಟರಲ್ಲಿ ಆ ಪಾದವನ್ನೇ ತುಳಿದ. ಹಮಾಲ ಬಟ್ಟೆರಾಶಿಯ ಮೇಲೆ ದೊಪ್ಪನೆ ಕುಕ್ಕರಿಸಿದ.

ಪಕ್ಕದ ಕಟಿಂಗ್ ಶಾಪಿನವನು ಇದನ್ನೆಲ್ಲ ನೋಡಿ, ಅರ್ಧ ಗಡ್ಡದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಬೀದಿಗೆ ಡಂಗುರ ಹೊಡೆದ. ಮಧ್ಯಾಹ್ನದೊಳಗೆ ಜನರ ಬಾಯಲ್ಲಿ ಒಬ್ಬ ಹಮಾಲ ನಾಲ್ವರಾದರು. ಟೈಲರು ಮೊದಲು ಅಲ್ಲಗಳೆದ, ಆಮೇಲೆ ಮುಗುಳ್ನಕ್ಕ, ಊಟದ ಹೊತ್ತಿಗೆ ತಾನೇ ನಂಬಿದ. ಹಮಾಲನಂತೂ ಒಬ್ಬ ಟೈಲರಿಂದ ಬಿದ್ದೆ ಎನ್ನುವುದಕ್ಕಿಂತ ಗುರುವಿನಿಂದ ಬಿದ್ದೆ ಎನ್ನುವುದು ಮರ್ಯಾದೆಯೆಂದು ಎಲ್ಲರಿಗಿಂತ ಜೋರಾಗಿ ಹೊಗಳಿದ. ಟೈಲರ ಹೆಂಡತಿ ಮಾತ್ರ, ಸುಮ್ಮನೆ ಗುಂಡಿ ಹೊಲಿಯಿರಿ ಎಂದಳು. ಅವಳ ಮಾತು ಯಾರಿಗೆ ಬೇಕು?

ಸಂಜೆ ಕಟಿಂಗ್ ಶಾಪಿನವನು ಟೈಲರನ್ನು ಹಿಂದಿನ ಬೀದಿಯ ಬಾಕ್ಸಿಂಗ್ ಶಾಲೆಗೆ ಎಳೆದೊಯ್ದು ಕೋಚ್‌ನ ಎದುರು ತಂದು ನಿಲ್ಲಿಸಿಯೇಬಿಟ್ಟ. ನೋಡಲು ಹಮಾಲನ ಸಮೇತ ಬೀದಿಗೆ ಬೀದಿಯೇ ಬಂದಿತ್ತು. ಟೈಲರು ಅಳತೆ ತೆಗೆಯುವವನಂತೆ ಕೋಚ್‌ನ ಮೈಗೆ ಮೈ ತಾಗುವಷ್ಟು ಹತ್ತಿರ ನಿಂತು ಅವನ ಮೂರು ಏಟನ್ನೂ ಹೆಗಲಲ್ಲೇ ಮುಗಿಸಿದ. ಕೋಚ್ ಗ್ಲೌಸು ಬಿಚ್ಚಿದ.

"ನಾನು ಹೊಡೀತೀನಿ ಅನ್ನೋದು ನನಗಿಂತ ಮೊದಲು ನಿಮಗೆ ಹ್ಯಾಗೆ ಗೊತ್ತಾಯ್ತು?"

ಆಗ ಟೈಲರು ಬಾಯಿ ಮುಚ್ಚಿಕೊಂಡು ಮನೆಗೆ ಹೋಗಬಹುದಿತ್ತು. ಆದರೆ "ಯಾವಾಗ ಕೊಡ್ತೀರಿ" ಎಂಬುದನ್ನು ಬಿಟ್ಟು ಬೇರೆ ಪ್ರಶ್ನೆಯನ್ನು ಅವನಿಗೆ ಈವರೆಗೆ ಯಾರೂ ಕೇಳಿರಲಿಲ್ಲ. ಜೇಬಿನ ಸೀಮೆಸುಣ್ಣ ತೆಗೆದು ಹಮಾಲನ ಬಲಹೆಗಲ ಮೇಲೆ ಗೆರೆ ಎಳೆದು ಅರ್ಧ ಗಂಟೆ ಪಾಠ ಹೇಳಿದ.

"ಹೊಡೆಯೋನು ಮೊದಲು ಇದನ್ನ ಹಿಂದಕ್ಕೆ ಎಳೀತಾನೆ. ಎಳೀದೇ ಹೊಡೆದ್ರೆ ನನಗಿರಲಿ, ನಮ್ಮಪ್ಪಂಗೂ ಗೊತ್ತಾಗಲ್ಲ."

ಹಮಾಲ ಮಗ್ಗಿ ಕಲಿಯುವವನಂತೆ ತಲೆಯಾಡಿಸಿದ. ಮೂಲೆಯಲ್ಲಿ ತೂಗುಹಾಕಿದ್ದ ಮರಳಿನ ಚೀಲಕ್ಕೆ ಹತ್ತಾರು ಸಲ ಗುದ್ದಿ, ಬೆವರೊರೆಸಿಕೊಂಡು ಬಂದ. "ಗುರುಗಳೇ, ಒಂದ್ಸಲ ನೋಡಿ ಹೇಳ್ತೀರಾ?"

ಟೈಲರು ದೊಡ್ಡ ಮನಸ್ಸಿನಿಂದ ಎದುರು ನಿಂತು ಸೀಮೆಸುಣ್ಣದ ಗೆರೆಯನ್ನೇ ನೋಡಿದ. ಗೆರೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಭೇಷ್ ಎನ್ನಲು ಬಾಯಿ ತೆರೆದ.

ಕಣ್ಣು ಬಿಟ್ಟಾಗ ನೆಲದ ಮೇಲಿದ್ದ. ಕಟಿಂಗ್ ಶಾಪಿನವನು ಟವೆಲಿನಿಂದ ಗಾಳಿ ಹಾಕುತ್ತಿದ್ದ. ಹಮಾಲ ಮಂಡಿಯೂರಿ, ಪರೀಕ್ಷೆ ಬರೆದವನ ಆತಂಕದಲ್ಲಿ ಕೇಳಿದ: "ಸರಿಯಾಗಿ ಬಂತಾ, ಗುರುಗಳೇ?"

"ಬಂತಪ್ಪಾ," ಎಂದ ಟೈಲರು, ತೆರೆಯಲು ಬರುತ್ತಿದ್ದ ಅರ್ಧ ಬಾಯಲ್ಲಿ.

ಎಡಗೈಯನ್ನೂ ನೋಡಿಬಿಡೋಣ ಎಂದ ಕೋಚ್. ಹಮಾಲ ಗುರುವನ್ನು ಭಕ್ತಿಯಿಂದ ಎತ್ತಿ ನಿಲ್ಲಿಸಿ, ಎಡ ಹೆಗಲನ್ನು ಅವನ ಮುಂದೆ ಬಾಗಿಸಿದ, ಗೆರೆ ಎಳೆಸಿಕೊಳ್ಳಲು.