ಕೆಂಚಿಯ ಬಾಯಿಗೆ ಬಿದ್ದ ಪಟ್ಟಿ

ಭಾನುವಾರ ಬೆಳಿಗ್ಗೆ ಮಡಿವಾಳಪ್ಪ ಕೆನೆಯ ಪಾತ್ರೆಗೆ ತಟ್ಟೆ ಮುಚ್ಚಿ, ತುಟಿ ಒರೆಸಿಕೊಂಡು, ಏನೂ ಅರಿಯದವನಂತೆ ಪಡಸಾಲೆಗೆ ಬಂದು ಕೂತದ್ದೇ ತಡ, ಎದುರು ಮನೆಯ ಹುಮಾ ಬಾಗಿಲಲ್ಲಿ ಬಂದು ನಿಂತಳು. ಅವಳ ತೋಳಿನಲ್ಲಿ ಇವರ ಬೆಕ್ಕು ಕೆಂಚಿ ಇತ್ತು.

“ಕಾಕಾ, ಕೆಂಚಿ ಬಾಯಿ ನೋಡ್ರಿ, ಹೆಂಗಾಗೇತಿ! ನಿನ್ನೆ ಸಂಜಿಮುಂದ ನಮ್ಮ ಮಾಳಿಗಿ ಮ್ಯಾಲಿಂದ ಬಿತ್ತು. ರಾತ್ರಿಯೆಲ್ಲಾ ನಮ್ಮ ಮನ್ಯಾಗ ಮಂಚದ ಬುಡಕ ಕುಂತಿತ್ತು. ಹಾಲಿಟ್ಟೆ, ಮೂಸಿ ನೋಡಿ ಮಾರಿ ತಿರುವಿತು. ಹನಿ ನೀರು ಸೈತ ಮುಟ್ಟಿಲ್ಲ.”

ಕೆಂಚಿಯ ಕೆಳದವಡೆ ಕೀಲು ಕಳಚಿದ ಬಾಗಿಲಿನಂತೆ ಒಂದು ಕಡೆಗೆ ಜೋತಿತ್ತು. ಮಡಿವಾಳಪ್ಪನಿಗೆ ಕರುಣೆ ಇರಲಿಲ್ಲವೆಂದರೆ ಅನ್ಯಾಯವಾದೀತು. ಇತ್ತು. ಆದರೆ ಕರುಣೆಗಿಂತ ಮೊದಲು ಬಂದದ್ದು ಭಯ.

ಅದಕ್ಕೆ ಕಾರಣವಿತ್ತು. ಹೋದ ವರ್ಷ ಎದೆಗೆ ಸ್ಟೆಂಟ್ ಕೂಡ್ರಿಸಿಕೊಂಡು ಮನೆಗೆ ಬಂದಾಗಿನಿಂದ ಅವನಿಗೆ ಕೆನೆ, ಬೆಣ್ಣೆ, ತುಪ್ಪ ಎಲ್ಲ ಬಂದ್. ಹೆಂಡತಿ ದಾಕ್ಷಾಯಿಣಿಯಂತೂ ಆಸ್ಪತ್ರೆಯ ಬಾಗಿಲಲ್ಲೇ ನಿಂತು, ‘ಇವರು ಎದ್ದು ಮನೆಗೆ ಬರಲಿ ಶಿವನೇ, ಮೂರು ವರ್ಷ ನಾನೂ ಕೆನೆ ತುಪ್ಪ ನಾಲಿಗೆಗೆ ಮುಟ್ಟಿಸುವುದಿಲ್ಲ’ ಎಂದು ಹರಕೆ ಹೊತ್ತಿದ್ದಳು. ಬೈರಿದೇವರಕೊಪ್ಪದ ಅವರ ಓಣಿಯಲ್ಲಿ ಆ ಹರಕೆಯ ಸುದ್ದಿ ಗೊತ್ತಿಲ್ಲದವರಿಲ್ಲ. ಅವಳನ್ನು ಕಂಡರೆ ಹೆಂಗಸರು ಕೈ ಮುಗಿಯುವುದೊಂದು ಬಾಕಿ. ಅಂಥವಳ ಗಂಡ ದಿನಾ ಬೆಳಿಗ್ಗೆ, ಅವಳು ಲಿಂಗಪೂಜೆಗೆ ಕೂತ ಹೊತ್ತು ನೋಡಿ, ಬಟ್ಟಲಿಗೆ ಕೆನೆ ಬಳಿದುಕೊಂಡು ಸಕ್ಕರೆ ಉದುರಿಸಿಕೊಂಡು ತಿನ್ನುತ್ತಿದ್ದ. ಫ್ರಿಜ್ಜಿನಲ್ಲಿಟ್ಟ ಕೆನೆಯ ತುಪ್ಪಕ್ಕೆ ಘಮ ಇಲ್ಲವೆಂದು ಅವಳು ಪಾತ್ರೆಯನ್ನು ಅಡುಗೆಮನೆಯ ಕಟ್ಟೆಯ ಮೇಲೇ ಇಡುತ್ತಿದ್ದದ್ದು ಅವನಿಗೆ ಅನುಕೂಲವಾಗಿತ್ತು. ಕೆನೆ ಕಡಿಮೆಯಾಯಿತೆಂದು ಅವಳು ಗೊಣಗಿದರೆ, “ಕೆಂಚಿ ತಿಂದಿರಬೇಕು ಬಿಡು” ಎನ್ನುತ್ತಿದ್ದ. ಬೈಗುಳ ಬೆಕ್ಕಿಗೆ, ಕೆನೆ ಇವನಿಗೆ. ಬೆಕ್ಕೂ ಎಂದೂ ತಕರಾರು ಮಾಡಿರಲಿಲ್ಲ.

ಮರುದಿನ ಸೋಮವಾರ ಮಠದ ಅಯ್ಯನವರು ಮನೆಗೆ ಪ್ರಸಾದಕ್ಕೆ, ಅಂದರೆ ಊಟಕ್ಕೆ, ಬರುವವರಿದ್ದರು. ಹೋಳಿಗೆಗೆ ತುಪ್ಪ ಬೇಕೆಂದು ಇವತ್ತು ಸಂಜೆ ದಾಕ್ಷಾಯಿಣಿ ಕೆನೆ ಕಡೆಯುವವಳು. ಅಂಥ ದಿನವೇ ಮಡಿವಾಳಪ್ಪನ ಕೈ ಹತೋಟಿ ತಪ್ಪಿ ಅರ್ಧ ಪಾತ್ರೆ ಖಾಲಿಯಾಗಿತ್ತು. ಈಗ ನೋಡಿದರೆ, ಆರೋಪಿ ನಿನ್ನೆಯಿಂದ ಬಾಯಿಗೆ ಏನನ್ನೂ ಮುಟ್ಟಿಸಿಲ್ಲ!

“ಕಾಕೂಗ ಕರೀರಿ, ತೋರಸ್ತೇನಿ” ಅಂದಳು ಹುಮಾ.

“ಏ, ಆಕೀಗ ಯಾಕ ಕರೀತಿ ತಂಗಿ! ಪೂಜಾಕ್ಕ ಕುಂತಾಳ. ಆಕೀದು ಮೆತ್ತನ್ನ ಜೀವ, ಇದನ್ನ ನೋಡಿದರ ಊಟಾ ಬಿಡ್ತಾಳ. ನಾನ ದವಾಖಾನಿಗೆ ಒಯ್ತೇನಿ. ನೀ ಯಾರ ಮುಂದೂ ಬಾಯಿ ಬಿಡಬ್ಯಾಡವಾ.”

ಹುಮಾಳ ಕಣ್ಣು ತೇವವಾಯಿತು. “ಎಷ್ಟು ದೊಡ್ಡ ಮನಸ್ಸು ಕಾಕಾ ನಿಮ್ಮದು!”

ದೊಡ್ಡ ಮನಸ್ಸಿನ ಮಡಿವಾಳಪ್ಪ ಕೆಂಚಿಯನ್ನು ಸಂತೆಯ ಚೀಲಕ್ಕೆ ಇಳಿಸಿದ. ಸಂಜೆಯೊಳಗೆ ಈ ಬೆಕ್ಕಿನ ಬಾಯಿ ನೆಟ್ಟಗಾಗಬೇಕು. ಎಲ್ಲರೆದುರಿಗೆ ಒಂದು ಸಲ ಹಾಲು ನೆಕ್ಕಿದರೂ ಸಾಕು, ಅರ್ಧ ಪಾತ್ರೆ ಕೆನೆಯ ಪಾಪ ಅದರ ತಲೆಗೆ ಸಲೀಸಾಗಿ ಕೂಡುತ್ತದೆ. ದೇವರಮನೆಯ ಬಾಗಿಲ ಹೊರಗಿನಿಂದಲೇ, “ವಿದ್ಯಾನಗರಕ್ಕ ಹೋಗಿ ಬರ್ತೇನಿ. ನಮ್ಮ ಗೆಳ್ಯಾ ಉಡಚಪ್ಪಗ ಜ್ವರಾ ಬಂದಾವಂತ, ಮಾತಾಡಿಸಬೇಕು” ಎಂದು ಕೂಗಿ ಹೊರಬಿದ್ದ.

ಓಣಿಯ ತಿರುವಿನಲ್ಲೇ ಬಸಣ್ಣ ಸಿಕ್ಕ. ಬಸ್ಸಿನ ಕಂಡಕ್ಟರ್ ಕೆಲಸದಿಂದ ನಿವೃತ್ತನಾಗಿದ್ದರೂ ಕಂಡವರಿಗೆಲ್ಲ ‘ಮುಂದೆ ಹೋಗಿ, ಹಿಂದೆ ಸರಿಯಿರಿ’ ಎನ್ನುವ ಚಾಳಿ ಅವನಿಗೆ ಹೋಗಿರಲಿಲ್ಲ.

“ಚೀಲದಾಗ ಏನ್ರಿ ಅದು, ಒದರಾಕತ್ತೇತಿ?”

ಮಡಿವಾಳಪ್ಪ ಹೇಳಲೇಬೇಕಾಯಿತು. ಬಸಣ್ಣ ಚೀಲದೊಳಗೆ ಇಣುಕಿ ಲೊಚಗುಟ್ಟಿದ. “ನಾ ಇರೂದು ಯಾತಕ್ಕ? ನಡೀರಿ, ನಾನೂ ಬರ್ತೇನಿ. ಆಟೋದವನಿಗೆ ಯಾಕ ಸುಮ್ಮನ ರೊಕ್ಕಾ? ಚಿಗರಿ ಬಸ್ಸಿನಾಗ ಹೋಗೂಣು. ಬಸ್ಸಿನಾಗ ನನ್ನ ಯಾರು ಕೇಳ್ತಾರ?”

ಎ.ಸಿ. ಇದ್ದ ಚಿಗರಿ ಬಸ್ಸು ತಣ್ಣಗೆ, ನಿಶ್ಶಬ್ದವಾಗಿತ್ತು. ಕೆಂಚಿಗೆ ಅದೇ ಬೇಕಾಗಿತ್ತೇನೋ. ಚೀಲದೊಳಗಿನಿಂದ, ಮದುವೆಮನೆಯಲ್ಲಿ ಶಹನಾಯಿಗೆ ಶ್ರುತಿ ಹಿಡಿದಂತೆ, ಸಣ್ಣಗೆ ಉದ್ದವಾದ ರಾಗ ತೆಗೆಯಿತು. ಪ್ರಯಾಣಿಕರೆಲ್ಲ ತಿರುಗಿ ನೋಡಿದರು. ಬಸಣ್ಣ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಡಿವಾಳಪ್ಪನತ್ತ ಬೆರಳು ತೋರಿಸಿದ.

“ಏನಿಲ್ರಿ, ಇವರ ಹೊಟ್ಟಿ. ನಿನ್ನೆ ಮಿರ್ಚಿ ಭಜಿ ಸ್ವಲ್ಪ ಜಾಸ್ತಿ ಆಗ್ಯಾವ.”

ಪಕ್ಕದಲ್ಲಿ ಕೂತಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದು ಎದ್ದು ಹೋದಳು. ಮತ್ತೊಬ್ಬರು ಎದ್ದರು. ವಿದ್ಯಾನಗರ ಬರುವಷ್ಟರಲ್ಲಿ ಮಡಿವಾಳಪ್ಪನ ಸುತ್ತ ಸೀಟುಗಳೆಲ್ಲ ಖಾಲಿಯಾಗಿ, ಅವನು ತೂಕಕ್ಕಿಟ್ಟ ಹತ್ತಿಯ ಅಂಡಿಗೆಯಂತೆ ನಡುವೆ ಒಬ್ಬನೇ ಕೂತಿದ್ದ.

ದವಾಖಾನೆಯಲ್ಲಿ ನಾಯಿಗಳದೇ ದರ್ಬಾರು. ಕಾದೂ ಕಾದೂ ಮಧ್ಯಾಹ್ನವಾಯಿತು. ಮಡಿವಾಳಪ್ಪ ಕೂತಲ್ಲಿ ಕೂಡಲಾರ, ನಿಂತಲ್ಲಿ ನಿಲ್ಲಲಾರ. ಮನೆಯಲ್ಲಿ ದಾಕ್ಷಾಯಿಣಿ ಈಗ ಪಾತ್ರೆಯ ತಟ್ಟೆ ತೆಗೆದಳೋ, ಈಗ ತೆಗೆದಳೋ ಎಂದು ಗಡಿಯಾರ ನೋಡುತ್ತಿದ್ದ. ಕೊನೆಗೆ ಡಾಕ್ಟರ್ ಸ್ನೇಹಲ್ ಎಂಬ ಹುಡುಗಿ ಒಳಗೆ ಕರೆದು, ಬೆಕ್ಕು ಯಾವಾಗ ಬಿತ್ತೆಂದು ಕೇಳಿಕೊಂಡು, ಕೆಂಚಿಯ ಬಾಯಿ ನೋಡಿ, ಎಕ್ಸರೇ ತೆಗೆಸಿ ಹೇಳಿದಳು.

“ಕೆಳಗಿನ ದವಡಿ ಸೀಳೇತ್ರಿ. ಪಟ್ಟಿ ಸುತ್ತಿ ಬಾಯಿ ಬಿಗೀಬೇಕು. ಮೂರು ವಾರ ಬಾಯಿ ತೆರಿಯೂಹಂಗಿಲ್ಲ. ತುಟಿ ಸಂದ್ಯಾಗಿಂದ ಪಿಚಕಾರಿಲೆ ಗಂಜಿ ಬಿಡ್ರಿ.”

ಮಡಿವಾಳಪ್ಪನಿಗೆ ತನ್ನ ಬಾಯಿಗೇ ಪಟ್ಟಿ ಸುತ್ತಿದಂತಾಯಿತು. “ಅಷ್ಟು ಬಿಗೀಬ್ಯಾಡ್ರಿ ಡಾಕ್ಟರ. ನಾಲಿಗಿ ಅಷ್ಟಾರ ಹೊರಗ ಬರೂಹಂಗ ಮಾಡ್ರಿ.”

“ನಾಲಿಗಿ ಯಾಕ ಬೇಕ್ರಿ ಅದಕ್ಕ?”

“ಅಲ್ರಿ, ಇವತ್ತು ಮುಂಜಾನೆ ಅದು ಸ್ವಲ್ಪ ಕೆನಿ ತಿಂದಿರಬಹುದಲ್ರಿ?”

“ಸಾಧ್ಯನ ಇಲ್ಲ.”

“ಬೆರಳಿನಷ್ಟು?”

“ಕಾಕಾ, ನಿನ್ನೆ ಬಿದ್ದಾಗಿನಿಂದ ಇದು ಏನೂ ತಿಂದಿಲ್ರಿ. ಬೇಕಾದರ ಬರದು ಕೊಡ್ತೇನಿ.”

“ಬ್ಯಾಡವಾ ತಾಯಿ, ಬರೀಬ್ಯಾಡ!”

ಬಸಣ್ಣ ನಡುವೆ ಬಾಯಿ ಹಾಕಿದ. “ಇಲ್ರಿ ಡಾಕ್ಟರ, ಇದು ಇವರ ಮನ್ಯಾಗ ದಿನಾ ಕೆನಿ ಕದ್ದು ತಿಂತೈತಿ. ಇಡೀ ಓಣಿಗೆ ಗೊತ್ತೈತಿ.”

ಡಾಕ್ಟರ್ ಕೆಂಚಿಯ ಬೆನ್ನಿನ ಮೇಲೆ ಕೈಯಾಡಿಸಿದಳು. ಎಲುಬುಗಳೆಲ್ಲ ಎಣಿಸಿಕೊಳ್ಳುವಂತೆ ಸಿಕ್ಕವು. “ದಿನಾ ಕೆನಿ ತಿನ್ನೂ ಮೈ ಹಿಂಗಿರತೈತೇನ್ರಿ?” ಎನ್ನುತ್ತ ತಲೆಯೆತ್ತಿದವಳ ಕಣ್ಣು, ಮೇಜಿನ ಅಂಚಿಗೆ ಒತ್ತಿ ನಿಂತಿದ್ದ ಮಡಿವಾಳಪ್ಪನ ಹೊಟ್ಟೆಯ ಮೇಲೆ ಒಂದು ಕ್ಷಣ ನಿಂತಿತು. ಅವನು ಉಸಿರು ಒಳಗೆಳೆದುಕೊಂಡ.

ಅಷ್ಟರಲ್ಲಿ ಫೋನು ಬಂತು. ದಾಕ್ಷಾಯಿಣಿ.

“ಏನ್ರಿ, ಊಟದ ಹೊತ್ತಾತು. ಉಡಚಪ್ಪಣ್ಣಾರು ಹೆಂಗದಾರ?”

“ದವಡಿ ಸೀಳೇತಿ” ಎಂದುಬಿಟ್ಟ ಮಡಿವಾಳಪ್ಪ.

“ಜ್ವರಕ್ಕ ದವಡಿ ಹೆಂಗ ಸೀಳತೈತ್ರಿ?”

“ಅಲ್ಲ… ಜ್ವರದಾಗ ಎದ್ದು ಬಿದ್ದಾನ. ಮಾತಾಡಾಕ ಬರವೊಲ್ತು. ನಾ ಇಲ್ಲೆ ಇರಬೇಕು. ಸಂಜಿಗೆ ಬರ್ತೇನಿ.”

“ಸಂಜಿತನಕಾ ಬರಂಗಿಲ್ಲೇನು?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನಿಗೆ ಆಶ್ಚರ್ಯ. “ಇರ್ರಿ ಇರ್ರಿ, ಅವಸರ ಇಲ್ಲ. ಕಷ್ಟದಾಗ ಗೆಳ್ಯಾನ ಬಿಡಬಾರದು.”

ಕೆಂಚಿಗೆ ಅಮಲಿನ ಸೂಜಿ ಚುಚ್ಚಿ, ಪಟ್ಟಿ ಸುತ್ತಿ, ಅದು ಎಚ್ಚರವಾಗುವವರೆಗೆ ಕಾಯಿಸಿದರು. ಬಿಳಿ ಪಟ್ಟಿ ಸುತ್ತಿಕೊಂಡ ಕೆಂಚಿ ಮೌನವ್ರತ ಹಿಡಿದ ಸ್ವಾಮಿಗಳಂತೆ ಚೀಲದಲ್ಲಿ ಕಣ್ಣರಳಿಸಿ ಕೂತಿತು. ದಾರಿಯುದ್ದಕ್ಕೂ ಮಡಿವಾಳಪ್ಪ ಏನೇನೋ ನೆಪ ಹೊಸೆದ. ಇಲಿ ಅನ್ನಲೇ? ಇಲಿ ಅರ್ಧ ಪಾತ್ರೆ ತಿನ್ನಬೇಕಾದರೆ ಹೆಗ್ಗಣವಾಗಬೇಕು. ಚೆಲ್ಲಿತು ಅನ್ನಲೇ? ಚೆಲ್ಲಿದ್ದು ಎಲ್ಲಿ? ಕೊನೆಗೆ, ‘ಶಿವನೇ, ಒಂದು ಹೆಣ್ಣುಜೀವ ನನಗಾಗಿ ನಾಲಿಗೆ ಕಟ್ಟಿಕೊಂಡಿದೆ. ಇವತ್ತು ಕಾಲು ಹಿಡಿದು ಖರೇ ಹೇಳಿಬಿಡುತ್ತೇನೆ’ ಎಂದು ಗಟ್ಟಿ ಮನಸ್ಸು ಮಾಡಿದ. ಆ ನಿರ್ಧಾರ ಓಣಿಯ ತಿರುವಿನವರೆಗೆ ಗಟ್ಟಿಯಾಗಿಯೇ ಇತ್ತು.

ಮೊಣಕಾಲು ನೋವಿನ ಬಸಣ್ಣ ಚೀಲ ಹಿಡಿದು ಹಿಂದೆ ಉಳಿದ. ಮಡಿವಾಳಪ್ಪ ಮುಂದೆ ಬಂದು ಮೆಟ್ಟಿಲೇರುವಾಗಲೇ ದಾಕ್ಷಾಯಿಣಿ ಪಾತ್ರೆ ಹಿಡಿದು ಬಾಗಿಲಿಗೆ ಬಂದಳು.

“ನೋಡ್ರಿ ನಿಮ್ಮ ಮುದ್ದಿನ ಕೆಂಚಿ ಮಾಡಿದ ಕೆಲಸಾ! ಮಧ್ಯಾಹ್ನ ಒಂದು ಗಳಿಗಿ ಅಡ್ಡಾದೆ, ಅಷ್ಟರಾಗ ಬಂದು ಎಲ್ಲಾ ತಿಂದು ಹೋಗೇತಿ. ನಾ ಕಣ್ಣಾರೆ ನೋಡೇನ್ರಿ. ಹಚಾ ಅನ್ನೂದರೊಳಗ ಬಾಯಿ ನೆಕ್ಕೋತ ಕಿಡಕ್ಯಾಗಿಂದ ಜಿಗದು ಓಡಿತು!”

ಮಡಿವಾಳಪ್ಪನಿಗೆ ಮೊದಲು ಆದದ್ದು ಸ್ವರ್ಗ ಸಿಕ್ಕಷ್ಟು ಸಂತೋಷ. ಉಳಿದೆ! ಕೆಂಚಿ ತಿಂದಿತು! ಆಮೇಲೆ ಅವನ ಕಣ್ಣು ಪಾತ್ರೆಯೊಳಗೆ ಹೋಯಿತು. ಅವನು ಅರ್ಧ ಉಳಿಸಿಟ್ಟಿದ್ದ. ಈಗ ತಳ ಫಳಫಳ ಹೊಳೆಯುತ್ತಿತ್ತು. ಅಂಚಿಗೆ ಚೂರು ಬೆಲ್ಲ ಹತ್ತಿತ್ತು. ಅವನು ತಿನ್ನುವುದು ಸಕ್ಕರೆ ಹಾಕಿಕೊಂಡು.

ಅವನು ನಿಧಾನವಾಗಿ ಹೆಂಡತಿಯ ಮುಖ ನೋಡಿದ. ಅವಳು ಪಾತ್ರೆಯನ್ನು ಸೆರಗಿನ ಮರೆಗೆ ಸರಿಸಿಕೊಂಡಳು.

ಅಷ್ಟರಲ್ಲಿ ಬಸಣ್ಣ ಏದುಸಿರು ಬಿಡುತ್ತ ಬಂದು, ಚೀಲದಿಂದ ಕೆಂಚಿಯನ್ನು ಎತ್ತಿ ಪಡಸಾಲೆಯ ನಡುವೆ ಇಟ್ಟ.

“ವೈನೀ, ಗಾಬರಿ ಆಗಬ್ಯಾಡ್ರಿ. ಇದರ ದವಡಿ ಸೀಳಿತ್ತು. ಮುಂಜಾನಿಂದ ಇಲ್ಲೀತನಕ ನಮ್ಮ ಚೀಲದಾಗ ಐತಿ. ನಿನ್ನೆ ಸಂಜಿಂದ ಒಂದು ಹನಿ ಸೈತ ತಿಂದಿಲ್ಲಂತ, ಡಾಕ್ಟರ ಹೇಳ್ಯಾರ.”

“ನಿನ್ನೆ… ಸಂಜಿಂದ?” ಎಂದಳು ದಾಕ್ಷಾಯಿಣಿ. ಮಧ್ಯಾಹ್ನ ತಾನು ತಟ್ಟೆ ತೆಗೆದಾಗಲೇ ಪಾತ್ರೆ ಅರ್ಧವಾಗಿದ್ದದ್ದು ಅವಳಿಗೂ ನೆನಪಾಗಿರಬೇಕು. ಈಗ ಅವಳು ಗಂಡನ ಮುಖ ನೋಡಿದಳು. ಗಂಡ ಗೋಡೆ ನೋಡಿದ. ಆಮೇಲೆ ಇಬ್ಬರೂ ಗೋಡೆ ನೋಡಿದರು.

ಬಸಣ್ಣ ಖಾಲಿ ಪಾತ್ರೆಯನ್ನೂ ಬೆಕ್ಕನ್ನೂ ನೋಡಿ ತೊಡೆ ತಟ್ಟಿದ. “ಅಂದರ ನೀವು ಕಂಡದ್ದು ಬ್ಯಾರೆ ಬೆಕ್ಕರಿ ವೈನೀ! ಪಾಪ, ಇಷ್ಟು ದಿನಾ ಈ ಕೆಂಚಿ ಸುಮ್ಮನ ಬೈಸಿಕೊಂಡೈತಿ. ತಡೀರಿ, ನಮ್ಮ ಅಳಿಯ ಕೊಟ್ಟ ಕ್ಯಾಮೆರಾ ಒಂದು ಮನ್ಯಾಗ ಬಿದ್ದೈತಿ. ಈಗಿಂದೀಗ ನಿಮ್ಮ ಅಡಗಿಮನ್ಯಾಗ ಹಚ್ಚತೇನಿ. ಹಗಲೂ ರಾತ್ರಿ ನಾ ಮೊಬೈಲಿನಾಗ ನೋಡಕೋತ ಇರತೇನಿ. ಕಳ್ಳ ಎಲ್ಲಿಗೆ ಹೋದೀತು?”

“ಬ್ಯಾಡ್ರಿ!” ಗಂಡ ಹೆಂಡತಿ ಒಂದೇ ಉಸಿರಿಗೆ ಕೂಗಿದರು. ಮದುವೆಯಾದಾಗಿನಿಂದ ಇಬ್ಬರೂ ಒಂದು ಮಾತಿಗೆ ಹೀಗೆ ಕೂಡಿದ್ದು ಅದೇ ಮೊದಲು.

“ಸಂಕೋಚ ಯಾಕ್ರಿ? ನಿಮ್ಮಂಥಾ ಹರಕಿ ಹೊತ್ತವರ ಮನಿ ಕೆನಿ ಕಾಯೂದು ನನ್ನ ಪುಣ್ಯ” ಎನ್ನುತ್ತ ಬಸಣ್ಣ, ನೋಯುವ ಮೊಣಕಾಲು ಮರೆತು, ನಿಚ್ಚಣಿಕೆ ತರಲು ಆಗಲೇ ಅಂಗಳ ದಾಟಿದ್ದ.